ಅಲುಗದ ಹುಣ್ಣು, ಮರಗಟ್ಟಿದ ಕೆನ್ನೆ

(ಮಂಡ್ಯದಲ್ಲಿ ಆಶಾ ಕಾರ್ಯಕರ್ತೆಯರು, ನರ್ಸ್‌ಗಳು ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರ ಮುಂದೆ ಆಡಿದ ಮಾತುಗಳ ಬರಹ ರೂಪ)

ನಿಮ್ಮ ಬಲಗೈಯ ನಾಲ್ಕು ಬೆರಳುಗಳನ್ನು ನೆತ್ತಿಯ ಮೇಲೆ ಒತ್ತಿ ಇಡಿ. ಹಿಂದಕ್ಕೂ ಮುಂದಕ್ಕೂ ಆಡಿಸಿ. ಬೆರಳು ಜಾರುತ್ತಿಲ್ಲ, ಬೆರಳಿನ ಜೊತೆ ಚರ್ಮವೇ ಬುರುಡೆಯ ಮೇಲೆ ಜಾರುತ್ತಿದೆ, ಅಲ್ಲವೇ? ತಲೆ, ಮುಖದ ಚರ್ಮದ ಕ್ಯಾನ್ಸರ್ ಎಲುಬಿಗೆ, ಮೆದುಳಿಗೆ ಇಳಿಯುವ ಬಗ್ಗೆ ಇವತ್ತು ಹೇಳಬೇಕಾದದ್ದರಲ್ಲಿ ಅರ್ಧ ಇದೇ. ತಲೆಯ ಮೇಲಿನ ಒಂದು ಹುಣ್ಣು ಹೀಗೆ ಜಾರುತ್ತದೆಯೋ, ಮೊಳೆ ಹೊಡೆದ ಹಾಗೆ ನಿಂತುಬಿಟ್ಟಿದೆಯೋ ಎಂದು ತಿಳಿಯಲು ಸ್ಕ್ಯಾನ್ ಬೇಡ. ಉಳಿದರ್ಧಕ್ಕೆ ಒಂದೆಳೆ ಹತ್ತಿ ಸಾಕು, ಅದಕ್ಕೆ ಆಮೇಲೆ ಬರುತ್ತೇನೆ.

ಚರ್ಮ ಜಾರುವುದು ಯಾಕೆ? ನೆತ್ತಿಯಲ್ಲಿ ಐದು ಪದರಗಳಿವೆ. ಮೇಲೆ ಚರ್ಮ, ಅದರಡಿ ರಕ್ತನಾಳ ತುಂಬಿದ ಗಟ್ಟಿ ಕೊಬ್ಬು, ಆಮೇಲೆ ಕ್ಯಾನ್ವಾಸ್ ಬಟ್ಟೆಯಂಥ ಗೇಲಿಯಾ. ಈ ಮೂರೂ ಒಂದಕ್ಕೊಂದು ಅಂಟಿಕೊಂಡು ಒಂದೇ ತುಂಡಾಗಿ ಓಡಾಡುತ್ತವೆ. ನಾಲ್ಕನೆಯದು ಸಡಿಲ ಪದರ, ಜಾರಿಕೆ ಆಗುವುದು ಅಲ್ಲಿ. ಐದನೆಯದು ಎಲುಬಿಗೇ ಅಂಟಿದ ಹೊದಿಕೆ, ಪೆರಿಯಾಸ್ಟಿಯಂ. ಗಡ್ಡೆ ಮೇಲಿನ ಮೂರು ಪದರಗಳಲ್ಲೇ ಇದ್ದರೆ ಬೆರಳಿನ ಜೊತೆ ಅಲುಗುತ್ತದೆ. ನಾಲ್ಕನೆಯದನ್ನು ದಾಟಿ ಐದನೆಯದನ್ನು ಹಿಡಿದರೆ ಅಲುಗುವುದಿಲ್ಲ. ಅಲುಗದ ಹುಣ್ಣು ಎಂದರೆ ಎಲುಬಿನ ಬಾಗಿಲಲ್ಲಿ ನಿಂತಿರುವ ಹುಣ್ಣು.

ಚರ್ಮದ ಕ್ಯಾನ್ಸರ್ ಬಿಳಿಯರ ಕಾಯಿಲೆ, ನಮಗೇಕೆ ಬರುತ್ತದೆ ಎನ್ನುವವರಿದ್ದಾರೆ. ನಮ್ಮ ದೇಶದ ಒಟ್ಟು ಕ್ಯಾನ್ಸರ್‌ಗಳಲ್ಲಿ ಇದರ ಪಾಲು ನೂರಕ್ಕೆ ಒಂದಕ್ಕಿಂತ ಕಡಿಮೆ, ನಿಜ. ಮೈಬಣ್ಣ ನಮ್ಮನ್ನು ಬಿಸಿಲಿನಿಂದ ಬಹಳಷ್ಟು ಕಾಯುತ್ತದೆ. ಆದರೆ ಕಡಿಮೆ ಇರುವುದರಿಂದಲೇ ಅದು ಯಾರ ಮನಸ್ಸಿಗೂ ಹೊಳೆಯುವುದಿಲ್ಲ, ಹುಣ್ಣು ಅಂಗೈಯಗಲ ಆಗುವವರೆಗೆ ಮುಲಾಮು ನಡೆಯುತ್ತಲೇ ಇರುತ್ತದೆ. ಬಿಳಿಯರಲ್ಲಿ ಚರ್ಮದ ತಳದ ಕೋಶಗಳ ಕ್ಯಾನ್ಸರ್ ಆದ ಬೇಸಲ್ ಸೆಲ್ ಕಾರ್ಸಿನೋಮ ಹೆಚ್ಚು, ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಮೇಲಿನ ಚಪ್ಪಟೆ ಕೋಶಗಳ ಕ್ಯಾನ್ಸರ್ ಆದ ಸ್ಕ್ವೇಮಸ್ ಸೆಲ್ ಕಾರ್ಸಿನೋಮ. ಅದು ಎಷ್ಟೋ ಸಲ ಹುಟ್ಟುವುದು ಬಿಸಿಲು ಬಿದ್ದ ಒಳ್ಳೆಯ ಚರ್ಮದಲ್ಲಲ್ಲ, ಹಳೆಯ ಗಾಯದ ಕಲೆಯಲ್ಲಿ.

ಈ ಜಿಲ್ಲೆಯಲ್ಲಿ ಆಲೆಮನೆ ನೋಡದವರಿಲ್ಲ. ಕೊಪ್ಪರಿಗೆಯ ಪಾಕ ಇಳಿಸುವ ಹೊತ್ತಿಗೆ 110 ಡಿಗ್ರಿಗೂ ಮೇಲೆ ಕಾದಿರುತ್ತದೆ, ಕುದಿಯುವ ನೀರಿಗಿಂತ ಹೆಚ್ಚು. ನೀರು ಹರಿದು ಹೋಗುತ್ತದೆ, ಪಾಕ ಮೈಗೆ ಅಂಟಿಕೊಂಡು ಆರುವವರೆಗೂ ಸುಡುತ್ತದೆ. ಅಂಥ ಸುಟ್ಟಗಾಯ, ಮಕ್ಕಳು ಒಲೆಗೆ ಬಿದ್ದು ಆದ ಗಾಯ, ಸೀಮೆಎಣ್ಣೆ ಸ್ಟೌ ಸಿಡಿದು ಆದ ಗಾಯ, ಇವು ತಲೆಯ ಮೇಲೋ ಹಣೆಯ ಮೇಲೋ ಆಗಿದ್ದರೆ ಕೂದಲಿಲ್ಲದ, ತೆಳ್ಳನೆಯ, ಹೊಳೆಯುವ ಕಲೆ ಉಳಿಯುತ್ತದೆ. ಕಸಿ ಮಾಡಿಸದೆ ತಾನಾಗಿ ಮಾಗಿದ ಕಲೆ ಇನ್ನೂ ತೆಳು. ಅದರ ಮೇಲೆ ಸಿಂಬಿ ಇಟ್ಟು ಕಬ್ಬಿನ ಹೊರೆ, ಹುಲ್ಲಿನ ಹೊರೆ ಹೊರುತ್ತಾರೆ. ಕಲೆ ಒಡೆಯುತ್ತದೆ, ಮಾಯುತ್ತದೆ, ಮತ್ತೆ ಒಡೆಯುತ್ತದೆ. ಪ್ರತಿ ಸಲ ಮಾಯುವಾಗಲೂ ಜೀವಕೋಶಗಳು ಅವಸರದಲ್ಲಿ ಇಮ್ಮಡಿಯಾಗಬೇಕು, ಅವಸರದ ನಕಲಿನಲ್ಲಿ ತಪ್ಪು ನುಸುಳುತ್ತದೆ. ಗಾಯದ ಕಲೆಯಲ್ಲಿ ಹುಣ್ಣೇಳುವುದನ್ನು 1828ರಲ್ಲಿ ವಿವರಿಸಿದ ಫ್ರೆಂಚ್ ಶಸ್ತ್ರವೈದ್ಯ ಮಾರ್ಜೋಲಿನ್‌ನ ಹೆಸರಿನಲ್ಲೇ ಇದನ್ನು ಮಾರ್ಜೋಲಿನ್ ಹುಣ್ಣು ಎನ್ನುತ್ತೇವೆ. ಸುಟ್ಟದ್ದಕ್ಕೂ ಕ್ಯಾನ್ಸರ್ ಕಾಣುವುದಕ್ಕೂ ನಡುವೆ ಸರಾಸರಿ 30 ವರ್ಷದ ಆಸುಪಾಸು ಅಂತರ. ಅದಕ್ಕೇ ರೋಗಿ ಎರಡಕ್ಕೂ ಗಂಟು ಹಾಕುವುದಿಲ್ಲ. ‘ಇದು ಚಿಕ್ಕಂದಿನಿಂದಲೂ ಹಿಂಗೇ ಐತೆ’ ಎನ್ನುತ್ತಾರೆ. ಆ ಮಾತು ಕೇಳಿದಾಗ ನೀವು ಕೇಳಬೇಕಾದ ಪ್ರಶ್ನೆ ಒಂದೇ: ‘ಕಲೆ ಚಿಕ್ಕಂದಿನದು, ಈ ಹುಣ್ಣು ಎಷ್ಟು ವಾರದ್ದು?’ ಆರು ವಾರಕ್ಕೂ ಮಾಯದಿದ್ದರೆ ಬಯಾಪ್ಸಿ, ಎಂದರೆ ಒಂದು ಚೂರು ತೆಗೆದು ಪರೀಕ್ಷೆ.

ಈ ಹುಣ್ಣಿಗೆ ಮೊದಮೊದಲು ಎಷ್ಟೋ ಸಲ ನೋವಿರುವುದಿಲ್ಲ, ಯಾಕೆಂದರೆ ಆ ಜಾಗದ ನರಗಳೂ ಅಂದೇ ಸುಟ್ಟುಹೋಗಿವೆ. ನೋವಿಲ್ಲ ಎಂಬುದು ಇಲ್ಲಿ ಸಮಾಧಾನದ ಮಾತಲ್ಲ. ಅಂಚು ನೋಡಿ: ಗಟ್ಟಿಯಾಗಿ, ಹೊರಕ್ಕೆ ಮಗುಚಿದಂತೆ, ಹೂಕೋಸಿನ ಹಾಗೆ ಎದ್ದಿರುತ್ತದೆ. ಮುಟ್ಟಿದರೆ ರಕ್ತ ಜಿನುಗುತ್ತದೆ, ವಾಸನೆ ಇರುತ್ತದೆ.

ಹುಳದ ವಿಷಯ ಇಲ್ಲೇ ಹೇಳಿಬಿಡಬೇಕು. ತಲೆಯ ಹುಣ್ಣಿನಲ್ಲಿ ನೊಣ ಮೊಟ್ಟೆಯಿಟ್ಟು ಹುಳ ಬಿದ್ದಾಗ ಮನೆಯವರು ಗಾಬರಿಯಾಗಿ ಓಡಿಬರುತ್ತಾರೆ. ನಾವು ಟರ್ಪೆಂಟೈನ್ ಎಣ್ಣೆಯಲ್ಲಿ ನೆನೆಸಿದ ಗಾಜ್ ಇಟ್ಟು, ಹುಳ ಮೇಲೆ ಬಂದಂತೆ ಚಿಮಟದಿಂದ ತೆಗೆದು, ಎರಡು ಮೂರು ದಿನ ಡ್ರೆಸಿಂಗ್ ಮಾಡುತ್ತೇವೆ. ಗಾಯ ಕೆಂಪಗೆ ಚೊಕ್ಕಟವಾಗಿ ಕಾಣುತ್ತದೆ. ವಾಸಿಯಾಯಿತು ಎಂದು ಕಳಿಸುತ್ತೇವೆ. ತಪ್ಪಾಗುವುದು ಅಲ್ಲೇ. ಹುಳ ಹೋದರೂ ಗಡ್ಡೆ ಹಾಗೇ ಉಳಿದಿರುತ್ತದೆ. ಗುದ್ದಿದ ಪೆಟ್ಟಿಲ್ಲದೆ ತಲೆಯ ಹುಣ್ಣಿಗೆ ಹುಳ ಬಿದ್ದಿದೆ ಎಂದರೆ, ಕೊನೆಯ ಹುಳ ತೆಗೆದ ದಿನವೇ ಅಂಚಿನಿಂದ ಒಂದು ಚೂರು ಪರೀಕ್ಷೆಗೆ ಹೋಗಲಿ.

ತಲೆಯ ಹುಣ್ಣನ್ನು ಎಲ್ಲರಿಗಿಂತ ಮೊದಲು ನೋಡುವವರು ಕ್ಷೌರಿಕರು. ನಂಜನಗೂಡಿನಲ್ಲೋ ಮಹದೇಶ್ವರ ಬೆಟ್ಟದಲ್ಲೋ ಮುಡಿ ಕೊಡುವಾಗ ಕೂದಲಡಿ ಅಡಗಿದ್ದದ್ದೆಲ್ಲ ಬೆಳಕಿಗೆ ಬರುತ್ತದೆ. ಆಶಾ ಕಾರ್ಯಕರ್ತೆಯರು ನಿಮ್ಮೂರಿನ ಕ್ಷೌರದಂಗಡಿಯಲ್ಲಿ ಒಂದು ಮಾತು ಹೇಳಿಟ್ಟಿರಿ: ‘ಕತ್ತರಿಗೆ ಸಿಕ್ಕ ಹುಣ್ಣು ಮುಂದಿನ ತಿಂಗಳೂ ಹಾಗೇ ಇದ್ದರೆ ನಮಗೆ ಹೇಳಿ.’ ಹಾಗೆಯೇ, ನರುಳ್ಳಿ ಉದುರಿಸಲು ಸುಣ್ಣ, ಸೋಡಾ, ಗೇರಿನ ಎಣ್ಣೆ ಹಚ್ಚುವುದನ್ನು ನಿಲ್ಲಿಸಿ. ಮೇಲ್ಭಾಗ ಸುಟ್ಟು ಉದುರುತ್ತದೆ, ಮೇಲೆ ತೆಳು ಚರ್ಮ ಬೆಳೆಯುತ್ತದೆ, ಅದರಡಿ ಗಡ್ಡೆ ಕಣ್ಣಿಗೆ ಬೀಳದೆ ಆಳಕ್ಕೆ ಇಳಿಯುತ್ತದೆ.

ಇನ್ನೆರಡು ಮಾತು ಮಕ್ಕಳ ಬಗ್ಗೆ. ನಮ್ಮ ಕಡೆ ಸೋದರಮಾವನಿಗೆ, ಅತ್ತೆ ಮಗನಿಗೆ ಕೊಡುವುದು ಹಳೆಯ ವಾಡಿಕೆ. ಕ್ಸೀರೋಡರ್ಮಾ ಪಿಗ್ಮೆಂಟೋಸಮ್ ಎಂಬ ವಂಶವಾಹಿ ತೊಂದರೆಯಲ್ಲಿ ಬಿಸಿಲು ಮಾಡಿದ ಹಾನಿಯನ್ನು ಸರಿಪಡಿಸುವ ಶಕ್ತಿ ಜೀವಕೋಶಕ್ಕಿಲ್ಲ. ತಂದೆ ತಾಯಿ ಇಬ್ಬರೂ ದೋಷವಾಹಕರಾದರೆ, ರಕ್ತಸಂಬಂಧದ ಮದುವೆಯಲ್ಲಿ ಹಾಗಾಗುವುದು ಹೆಚ್ಚು, ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ. ಎರಡು ವರ್ಷದೊಳಗೇ ಮುಖದ ತುಂಬ ಕರಿ ಚುಕ್ಕೆ, ಬೆಳಕಿಗೆ ಕಣ್ಣು ಮುಚ್ಚಿಕೊಳ್ಳುವುದು, ಹತ್ತು ವರ್ಷ ತುಂಬುವ ಮೊದಲೇ ಕ್ಯಾನ್ಸರ್. ಅಂಥ ಮಗುವನ್ನು, ಹಾಗೆಯೇ ಹುಟ್ಟಿನಿಂದ ಬಣ್ಣವಿಲ್ಲದ ಮಕ್ಕಳನ್ನು, ಅಂಗನವಾಡಿಯಲ್ಲಿ ಕಂಡರೆ ಮೂರು ತಿಂಗಳಿಗೊಮ್ಮೆ ಮುಖ, ತುಟಿ, ಕಿವಿ, ಕಣ್ಣು ನೋಡಿಸಲೇಬೇಕು.

ಈಗ ಎಲುಬಿಗೆ ಬರೋಣ. ಬುರುಡೆ ಒಂದೇ ಹಲಗೆಯಲ್ಲ. ಹೊರಗೊಂದು ಗಟ್ಟಿ ಪದರ, ಒಳಗೊಂದು ಗಟ್ಟಿ ಪದರ, ನಡುವೆ ಜೇನುಗೂಡಿನಂಥ ಮಿದು ಭಾಗ. ಮೂರೂ ಸೇರಿ ದೊಡ್ಡವರಲ್ಲಿ ಸುಮಾರು 6ರಿಂದ 7 ಮಿಲಿಮೀಟರ್, ಕಣತಲೆಯಲ್ಲಿ ಇನ್ನೂ ತೆಳು. ಕ್ಯಾನ್ಸರ್ ಎಲುಬನ್ನು ತಾನೇ ತಿನ್ನುವುದಿಲ್ಲ. ಎಲುಬು ಕರಗಿಸುವ ನಮ್ಮದೇ ಜೀವಕೋಶಗಳಿಗೆ ಸುಳ್ಳು ಸಂದೇಶ ಕೊಟ್ಟು ಅವುಗಳಿಂದ ತಿನ್ನಿಸುತ್ತದೆ. ಹೊರಪದರದಲ್ಲಿ ಬಟಾಣಿಯಷ್ಟು ತೂತು ಬಿದ್ದರೆ ಸಾಕು, ನಡುವಿನ ಮಿದು ಭಾಗದಲ್ಲಿ ಅಡ್ಡಡ್ಡ ಹರಡುತ್ತದೆ. ಹೀಗಾಗಿ ಒಳಗಿನ ಹಾನಿ ಮೇಲೆ ಕಾಣುವ ತೂತಿಗಿಂತ ದೊಡ್ಡದಿರುತ್ತದೆ. ಅದರಡಿ ಮೆದುಳನ್ನು ಸುತ್ತಿದ ಡ್ಯೂರಾ ಎಂಬ ದಪ್ಪ ಪೊರೆ. ಅದು ಬಹಳ ಕಾಲ ತಡೆದು ನಿಲ್ಲುತ್ತದೆ, ಆ ತಡೆಯ ಮೇಲೆಯೇ ಎಷ್ಟೋ ಜೀವಗಳು ನಿಂತಿವೆ. ಪೊರೆ ದಾಟಿ ಮೆದುಳಿಗೆ ಇಳಿದ ಮೇಲೆ ಗುಣವಾಗುವ ಆಸೆ ಬಹಳ ಕಿರಿದಾಗುತ್ತದೆ.

ಪರೀಕ್ಷೆ ಹೀಗೆ ಮಾಡಿ. ಕೈಗವಸು ಹಾಕಿಕೊಂಡು, ಹುಣ್ಣಿನ ಎರಡೂ ಅಂಚನ್ನು ಎರಡು ಕೈಯ ಹೆಬ್ಬೆರಳು ತೋರುಬೆರಳಿನಿಂದ ಹಿಡಿಯಿರಿ. ಹುಣ್ಣಿನ ನಡುವೆ ಒತ್ತಬೇಡಿ, ಎಲುಬಿಲ್ಲದೆ ಇದ್ದರೆ ಬೆರಳು ಮೆದುಳಪೊರೆಗೆ ತಾಗೀತು. ಮೊದಲು ಮುಂದೆ ಹಿಂದೆ, ಆಮೇಲೆ ಎಡಬಲ ಅಲುಗಿಸಿ. ಎರಡೂ ಕಡೆಗೆ ಅಲುಗಿದರೆ ಒಳ್ಳೆಯದು. ಅಲುಗದಿದ್ದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆಯಿರಿ. ನಡುವೆ ಎಲುಬು ಹಳದಿಯಾಗಿ ಒಣಗಿ ಕಾಣುತ್ತಿದ್ದರೆ, ಉಸಿರಾಟಕ್ಕೋ ನಾಡಿಗೋ ತಕ್ಕಂತೆ ಹುಣ್ಣು ಮಿಡಿಯುತ್ತಿದ್ದರೆ, ನೀರಿನಂಥ ದ್ರವ ಸುರಿಯುತ್ತಿದ್ದರೆ, ಕಾಯುವುದು ಬೇಡ. ಇನ್ನೊಂದು: ಚಿಕ್ಕ ಮಕ್ಕಳ ತಲೆಯ ನಡುಗೆರೆಯಲ್ಲೋ ಮೂಗಿನ ಬುಡದಲ್ಲೋ ಇರುವ ಗಂಟಿಗೆ ಸ್ಕ್ಯಾನ್ ಇಲ್ಲದೆ ಚಾಕು ಹಾಕಲೇಬೇಡಿ. ಅದು ಕ್ಯಾನ್ಸರ್ ಅಲ್ಲದಿದ್ದರೂ ಒಳಗಿನ ಮೆದುಳಿಗೆ ದಾರಿ ಇರಬಹುದು.

ಇದು ನೇರ ದಾರಿ. ಎರಡನೆಯದು ಕಳ್ಳದಾರಿ, ನನಗೆ ಹೆಚ್ಚು ಕಳವಳ ಅದರದ್ದೇ. ಹಣೆ, ಕೆನ್ನೆ, ತುಟಿಯ ಚರ್ಮದಿಂದ ಸ್ಪರ್ಶದ ಸುದ್ದಿ ಒಯ್ಯುವ ನರಗಳು ಎಲುಬಿನ ತೂತುಗಳ ಮೂಲಕ ಮೆದುಳಿಗೆ ಹೋಗುತ್ತವೆ. ಹಣೆಯ ನರ ಹುಬ್ಬಿನ ಕೆಳಗೆ ನುಸುಳಿ, ಕಣ್ಣಿನ ಗೂಡಿನ ಛಾವಣಿಯಲ್ಲಿ ಹಾದು ಹಿಂದಿನ ಸೀಳಿನಿಂದ ಒಳಗೆ. ಕೆನ್ನೆ, ಮೇಲ್ದುಟಿಯ ನರ ಕಣ್ಣಿನ ಕೆಳಗಿನ ತೂತಿನಿಂದ ಹೋಗಿ ಫೊರಾಮೆನ್ ರೊಟಂಡಮ್ ಎಂಬ ದುಂಡು ತೂತಿನಿಂದ ಒಳಗೆ. ಕೆಳದುಟಿ, ಗಲ್ಲದ್ದು ದವಡೆಯೊಳಗೆ ನಡೆದು ಫೊರಾಮೆನ್ ಓವೇಲ್ ಎಂಬ ಮೊಟ್ಟೆಯಾಕಾರದ ತೂತಿನಿಂದ. ಮುಖದ ಸ್ನಾಯು ಆಡಿಸುವ ನರ ಕಿವಿಯ ಹಿಂದಿನ ಎಲುಬಿನಿಂದ ಹೊರಬಂದು ಪೆರೋಟಿಡ್ ಎಂಬ ಜೊಲ್ಲುಗ್ರಂಥಿಯೊಳಗೆ ಕವಲೊಡೆಯುತ್ತದೆ. ಕ್ಯಾನ್ಸರ್ ಕೆಲವೊಮ್ಮೆ ಈ ನರಗಳ ಕವಚ ಹಿಡಿದು, ಹಂಬು ಹತ್ತಿದ ಹಾಗೆ, ಮೇಲೇರುತ್ತದೆ. ಎಲುಬು ಕೊರೆಯುವ ಕೆಲಸವೇ ಇಲ್ಲ, ತೂತು ಇದ್ದೇ ಇದೆ. ಕಣ್ಣಿನ ಹಿಂದಿನ ಕೆವರ್ನಸ್ ಸೈನಸ್ ಎಂಬ ಕೂಡುದಾರಿ ಮುಟ್ಟಿದರೆ ಅಲ್ಲಿ ಕಣ್ಣು ತಿರುಗಿಸುವ ನರಗಳೂ ಸಿಗುತ್ತವೆ, ರೋಗಿಗೆ ಒಂದು ಎರಡಾಗಿ ಕಾಣತೊಡಗುತ್ತದೆ.

ಆಗ ರೋಗಿ ಏನು ಹೇಳುತ್ತಾರೆ? ‘ಹಣೆ ಮ್ಯಾಲೆ ಇರುವೆ ಹರಿದಂಗಾಯ್ತದೆ.’ ಈ ಮಾತನ್ನು ಭ್ರಮೆ ಎಂದು ತಳ್ಳಿಹಾಕಬೇಡಿ. ನರ ಕೆರಳಿದಾಗ ಆಗುವುದು ಥೇಟ್ ಅದೇ. ಚುಮುಚುಮು, ಉರಿ, ಕರೆಂಟ್ ಹೊಡೆದಂತಾಗುವುದು, ಆಮೇಲೆ ಜೋಮು, ಕೊನೆಗೆ ಮರಗಟ್ಟುವುದು. ಗಡ್ಡೆಯನ್ನು ಎರಡು ಮೂರು ವರ್ಷದ ಹಿಂದೆ ತೆಗೆಸಿರಬಹುದು, ಮೇಲೆ ಚರ್ಮ ನುಣ್ಣಗಿರಬಹುದು. ಮೇಲ್ದವಡೆಯ ನೋವೆಂದು ಒಳ್ಳೆಯ ಹಲ್ಲು ಕೀಳಿಸಿಕೊಂಡವರಿದ್ದಾರೆ, ನರದ ನೋವೆಂದು ತಿಂಗಳುಗಟ್ಟಲೆ ಕಾರ್ಬಮಜೆಪಿನ್ ನುಂಗಿದವರಿದ್ದಾರೆ.

ಬಾಯಿ ವಾಲಿದಾಗ ಆಗುವ ತಪ್ಪು ಇನ್ನೂ ದೊಡ್ಡದು. ಬೆಲ್ಸ್ ಪಾಲ್ಸಿ, ಎಂದರೆ ಕ್ಯಾನ್ಸರ್ ಅಲ್ಲದ ಮುಖದ ಪಾರ್ಶ್ವವಾಯು, ಬರುವುದು ಒಂದೆರಡು ದಿನದಲ್ಲಿ, ಬಹುತೇಕ ಇಡೀ ಅರ್ಧ ಮುಖಕ್ಕೆ, ಹೆಚ್ಚಿನವರಲ್ಲಿ ಮೂರರಿಂದ ಆರು ತಿಂಗಳಲ್ಲಿ ಸುಧಾರಿಸುತ್ತದೆ. ಕ್ಯಾನ್ಸರ್‌ನದು ಹಾಗಲ್ಲ. ಮೊದಲು ಹುಬ್ಬು ಏಳುವುದಿಲ್ಲ, ಎರಡು ತಿಂಗಳಿಗೆ ರೆಪ್ಪೆ ಮುಚ್ಚುವುದಿಲ್ಲ, ಮತ್ತೆರಡು ತಿಂಗಳಿಗೆ ತುಟಿ ಸೊಟ್ಟ. ಒಂದೊಂದೇ ಕೊಂಬೆ ಒಣಗಿದ ಹಾಗೆ. ಹೀಗೆ ಹಂತಹಂತವಾಗಿ ಬಂದ, ಜೊತೆಗೆ ಕೆನ್ನೆ ಮರಗಟ್ಟಿರುವ ಪಾರ್ಶ್ವವನ್ನು ಗಾಳಿ ಬಡಿದದ್ದು ಎಂದು ಸ್ಟಿರಾಯ್ಡ್ ಕೊಟ್ಟು ಕಳಿಸಬಾರದು. ಕುಷ್ಠದ ಅನುಮಾನವೂ ಬರುತ್ತದೆ. ಅಲ್ಲಿ ಮರಗಟ್ಟುವುದು ಸಾಮಾನ್ಯವಾಗಿ ಬಿಳಿಚಿದ ಮಚ್ಚೆಯೊಳಗೆ. ಇಲ್ಲಿ ಮಚ್ಚೆಯೇ ಇಲ್ಲದ ಚರ್ಮದಲ್ಲಿ, ಒಂದು ನರದ ಗಡಿಯುದ್ದಕ್ಕೆ.

ಹತ್ತಿಯ ಎಳೆ ಈಗ ತೆಗೆಯಿರಿ. ರೋಗಿ ಕಣ್ಣು ಮುಚ್ಚಲಿ. ಹಣೆ, ಕೆನ್ನೆ, ಗಲ್ಲ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೋಕಿಸಿ, ‘ಎರಡೂ ಕಡೆ ಒಂದೇ ಥರವಾ?’ ಎಂದು ಕೇಳಿ. ‘ಗೊತ್ತಾಯ್ತಾ?’ ಎಂದು ಕೇಳಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. ಆಮೇಲೆ ಹುಬ್ಬೇರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆ ಉಬ್ಬಿಸಿ, ಹಲ್ಲು ತೋರಿಸಿ ಎನ್ನಿ. ಹಲ್ಲು ಕಚ್ಚಿಸಿ ಕಣತಲೆ ಮತ್ತು ದವಡೆಯ ಸ್ನಾಯು ಎರಡೂ ಕಡೆ ಸಮ ಉಬ್ಬುತ್ತದೆಯೇ ಮುಟ್ಟಿ ನೋಡಿ. ಕೊನೆಗೆ ಕಿವಿಯ ಮುಂದೆ, ಕಿವಿಯ ಕೆಳಗೆ, ಕುತ್ತಿಗೆಯ ಇಕ್ಕೆಲ, ಹಿಂದಲೆಯ ಕೆಳಗೆ ಗಂಟು ಹುಡುಕಿ. ಹಣೆ, ಕಣತಲೆ, ಕಿವಿಯ ಕ್ಯಾನ್ಸರ್ ಮೊದಲು ಇಳಿಯುವುದು ಕಿವಿಯ ಮುಂದಿನ ಪೆರೋಟಿಡ್‌ನ ಗ್ರಂಥಿಗಳಿಗೆ. ಎಲ್ಲ ಸೇರಿ ಮೂರು ನಿಮಿಷ.

ಇನ್ನೆರಡು ಬಾಗಿಲು ಬೇಗ ಹೇಳುತ್ತೇನೆ. ಕಣ್ಣಿನ ಒಳಮೂಲೆಯ ಬೇಸಲ್ ಸೆಲ್ ಕ್ಯಾನ್ಸರ್ ನಮ್ಮವರಲ್ಲಿ ಕಪ್ಪಗಿರುವುದೇ ಹೆಚ್ಚು, ಮಚ್ಚೆ ಎಂದುಕೊಳ್ಳುತ್ತಾರೆ. ಅದು ಬೇರೆ ಅಂಗಕ್ಕೆ ಹಾರುವುದು ತೀರ ಅಪರೂಪ. ಆದರೆ ಅಲ್ಲಿಂದ ಕಣ್ಣಿನ ಗೂಡಿಗೂ ಮೂಗಿನ ಮೇಲಿನ ತೆಳು ಎಲುಬಿಗೂ ಅಂತರವೇ ಇಲ್ಲ, ನಿಧಾನವಾಗಿ ಕೊರೆದು ಕೊನೆಗೆ ಕಣ್ಣನ್ನೇ ತೆಗೆಯುವ ಹಾಗೆ ಮಾಡುತ್ತದೆ. ಕಿವಿಯ ಕೊಳವೆಯದ್ದು ಕಿವಿ ಸೋರುವಂತೆ ಬರುತ್ತದೆ. ಸೋರುವ ಕಿವಿಗೆ ರಕ್ತ ಸೇರಿದರೆ, ರಾತ್ರಿ ನಿದ್ದೆಗೆಡಿಸುವ ನೋವಿದ್ದರೆ, ಹನಿ ಬರೆದು ಕಳಿಸದೆ ಒಳಗಿನ ಮಾಂಸದ ಚೂರು ಪರೀಕ್ಷೆಗೆ ಕೊಡಿ.

ಬಯಾಪ್ಸಿಯಲ್ಲಿ ಕೆಡುವುದು ಸಣ್ಣ ಕಾರಣಗಳಿಂದ. ನಡುವಿನ ಕೊಳೆತ ಭಾಗ ತೆಗೆದರೆ ‘ಸತ್ತ ಅಂಗಾಂಶ’ ಎಂದಷ್ಟೇ ಉತ್ತರ ಬರುತ್ತದೆ. ಅಂಚಿನಿಂದ, ಕೊಬ್ಬು ಕಾಣುವ ಆಳದವರೆಗೆ, 4 ಮಿಲಿಮೀಟರ್‌ನ ಪಂಚ್ ಎಂಬ ದುಂಡು ಕತ್ತಿಯಲ್ಲೋ ಬ್ಲೇಡಿನಲ್ಲೋ ತೆಗೆಯಿರಿ. ಸಲೈನ್‌ನಲ್ಲಿ ಹಾಕಬೇಡಿ, 10 ಪರ್ಸೆಂಟ್ ಫಾರ್ಮಲಿನ್, ಚೂರಿನ ಹತ್ತುಪಟ್ಟು. ಚೀಟಿಯಲ್ಲಿ ‘ಹಳೇ ಸುಟ್ಟ ಕಲೆ’, ‘ಕೆನ್ನೆ ಮರಗಟ್ಟಿದೆ’ ಎಂದು ಬರೆದರೆ ಚೂರನ್ನು ಪರೀಕ್ಷಿಸುವ ಪೆಥಾಲಜಿಸ್ಟ್ ನರಗಳನ್ನು ಹುಡುಕಿ ನೋಡುತ್ತಾರೆ. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳೇ. ಗಂಟು ತೆಗೆದು ಬಕೆಟ್ಟಿಗೆ ಹಾಕುವುದಂತೂ ರೋಗಿಗೆ ಮಾಡುವ ಅನ್ಯಾಯ. ರಿಪೋರ್ಟಿನಲ್ಲಿ ಆಳ, ಅಂಚು ಸ್ವಚ್ಛವೇ, ನರದ ಸುತ್ತ ಹಬ್ಬಿದೆಯೇ, ಇದ್ದರೆ ಎಷ್ಟು ದಪ್ಪದ ನರ, ಇವಿಷ್ಟು ಇರಬೇಕು. 0.1 ಮಿಲಿಮೀಟರ್ ಅಥವಾ ಅದಕ್ಕೂ ದಪ್ಪದ ನರ ಹಿಡಿದಿದ್ದರೆ, ಆಳ 6 ಮಿಲಿಮೀಟರ್ ದಾಟಿದ್ದರೆ, ಅಗಲ 4 ಸೆಂಟಿಮೀಟರ್ ಮುಟ್ಟಿದ್ದರೆ ಅದು ಮೂರನೆಯ ಹಂತದ ಗಡ್ಡೆ. ಎಲುಬಿನ ಒಳಗೆ, ಬುರುಡೆಯ ಬುಡಕ್ಕೆ ಹೋದರೆ ನಾಲ್ಕು.

ವೈದ್ಯರಿಗೆ ಒಂದು ಮಾತು: ಎಲುಬಿಗೆ ಸಿಟಿ, ನರಕ್ಕೆ ಎಂಆರ್‌ಐ. ‘ಎಂಆರ್‌ಐ ಬ್ರೈನ್’ ಎಂದಷ್ಟೇ ಬರೆದರೆ ಮೆದುಳು ಚೆನ್ನಾಗಿದೆ ಎಂಬ ಉತ್ತರ ಬರುತ್ತದೆ, ಮುಖದ ನರ ಚಿತ್ರದಲ್ಲೇ ಸಿಕ್ಕಿರುವುದಿಲ್ಲ. ಮುಖದ ಚರ್ಮದಿಂದ ಕೆವರ್ನಸ್ ಸೈನಸ್‌ವರೆಗೆ, ಕಾಂಟ್ರಾಸ್ಟ್ ಹಾಕಿ, ಕೊಬ್ಬಿನ ಹೊಳಪು ಅಡಗಿಸಿ ತೆಗೆಯಲು ಬರೆಯಿರಿ. ಯಾವ ನರದ ಮೇಲೆ ಅನುಮಾನ ಎಂಬುದನ್ನೂ ಬರೆಯಿರಿ.

ಮುಂದಿನ ಚಿಕಿತ್ಸೆಯನ್ನು ಮನೆಯವರಿಗೆ ವಿವರಿಸಬೇಕಾದವರು ನೀವೇ ಆದ್ದರಿಂದ ಹೇಳುತ್ತೇನೆ. ಪೆರಿಯಾಸ್ಟಿಯಂ ಮಾತ್ರ ಅಂಟಿದ್ದರೆ ಅದನ್ನೂ ಅದರಡಿಯ ಹೊರ ಎಲುಬನ್ನೂ ಕೆರೆದು ತೆಗೆಯುತ್ತಾರೆ. ಎಲುಬು ತಿಂದಿದ್ದರೆ ಸುತ್ತ ಒಳ್ಳೆಯ ಎಲುಬಿನ ಅಂಚು ಸೇರಿಸಿ ಬುರುಡೆಯ ತುಂಡನ್ನೇ ತೆಗೆಯುತ್ತಾರೆ, ಡ್ಯೂರಾ ಹಿಡಿದಿದ್ದರೆ ಅದನ್ನೂ ತೆಗೆದು ತೊಡೆಯ ಪೊರೆಯಿಂದ ತೇಪೆ ಹಾಕುತ್ತಾರೆ. ನಡುನೆತ್ತಿಯಲ್ಲಿ ಕಷ್ಟ ಹೆಚ್ಚು: ಅಲ್ಲಿ ಡ್ಯೂರಾದೊಳಗೆ ದೊಡ್ಡ ರಕ್ತನಾಳವೊಂದು ಹರಿಯುತ್ತದೆ. ಮುಂದಿನ ಮೂರನೇ ಒಂದು ಭಾಗವನ್ನು ಕಟ್ಟಬಹುದು, ಹಿಂದಿನದನ್ನು ಕಟ್ಟಿದರೆ ಮೆದುಳು ಊದಿಕೊಳ್ಳುತ್ತದೆ. ಬರಿ ಎಲುಬಿನ ಮೇಲೆ ತೊಡೆಯ ಚರ್ಮದ ಕಸಿ ಹಿಡಿಯುವುದಿಲ್ಲ, ಕೆಳಗೆ ರಕ್ತ ಬೇಕು. ಅದಕ್ಕೇ ಬೆನ್ನಿನ ಸ್ನಾಯುವನ್ನೋ ತೊಡೆಯ ತುಂಡನ್ನೋ ರಕ್ತನಾಳ ಸಮೇತ ತಂದು ಕುತ್ತಿಗೆಯ ಅಥವಾ ಕಣತಲೆಯ ನಾಳಕ್ಕೆ ಹೊಲಿಯುತ್ತಾರೆ. ‘ತಲೆ ಗಾಯಕ್ಕೆ ಬೆನ್ನು ಯಾಕೆ ಕುಯ್ದರು?’ ಎಂದು ಮನೆಯವರು ಕೇಳಿದರೆ ಉತ್ತರ ಇದು.

ಗಾಯ ಮಾಗಿದ ಮೇಲೆ, ಸಾಮಾನ್ಯವಾಗಿ ಆರು ವಾರದೊಳಗೆ, ರೇಡಿಯೇಷನ್. ದಿನಕ್ಕೆ 2 ಗ್ರೇ (ಗ್ರೇ ಎಂದರೆ ಕಿರಣದ ಅಳತೆ), ವಾರಕ್ಕೆ ಐದು ದಿನ, ಒಟ್ಟು 60ರಿಂದ 66 ಗ್ರೇ. ಎಂದರೆ ಆರರಿಂದ ಏಳು ವಾರ. ನರ ಹಿಡಿದಿದ್ದರೆ ಅದು ಎಲುಬಿನೊಳಗೆ ಹೋಗುವ ತೂತಿನವರೆಗೂ ಕಿರಣ ಹಾಯಿಸುತ್ತಾರೆ. ಕಬ್ಬು ಕಟಾವಿಗೆ, ಊರಹಬ್ಬಕ್ಕೆ ಎಂದು ನಡುವೆ ವಾರ ತಪ್ಪಿಸಿದರೆ ಆ ವಾರದಲ್ಲಿ ಉಳಿದ ಕೋಶಗಳು ಮತ್ತೆ ಚಿಗುರುತ್ತವೆ. ಆದ್ದರಿಂದ ಶುರು ಮಾಡುವ ಮೊದಲೇ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಉಳಿಯುವ ಜಾಗ, ಜೊತೆಗಿರುವವರು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಸಿದ್ಧವಾಗಲಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಇದೆ.

ಕತ್ತರಿಸಲಾಗದ ಹಂತಕ್ಕೂ ಈಗ ಔಷಧಿ ಬಂದಿದೆ. ಬೇಸಲ್ ಸೆಲ್‌ಗೆ ವಿಸ್ಮೊಡೆಗಿಬ್ ಗುಳಿಗೆ 2012ರಿಂದ, ಸ್ಕ್ವೇಮಸ್‌ಗೆ ಸೆಮಿಪ್ಲಿಮ್ಯಾಬ್ ಎಂಬ, ಮೈಯ ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ಮೇಲೆ ಎಬ್ಬಿಸುವ ಚುಚ್ಚುಮದ್ದು 2018ರಿಂದ ಅಮೆರಿಕದಲ್ಲಿ ಒಪ್ಪಿಗೆ ಪಡೆದಿವೆ. ಎರಡನೆಯದಕ್ಕೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಗಡ್ಡೆ ಕುಗ್ಗುತ್ತದೆ. ಬೆಲೆ ಮಾತ್ರ ನಮ್ಮ ರೋಗಿಗಳ ಕೈಗೆ ಎಟುಕುವಂಥದ್ದಲ್ಲ.

ಯಾವುದೂ ಸಾಧ್ಯವಾಗದೆ ಮನೆಗೆ ಬಂದವರ ಆರೈಕೆ ನಿಮ್ಮ ಕೈಯಲ್ಲಿದೆ. ಒಂದು ಲೀಟರ್ ನೀರು ಕುದಿಸಿ 9 ಗ್ರಾಂ ಉಪ್ಪು, ಎಂದರೆ ಮಟ್ಟಸವಾದ ಒಂದೂವರೆ ಟೀ ಚಮಚ, ಹಾಕಿ ಆರಿಸಿದ ನೀರಿನಿಂದ ತೊಳೆಯಿರಿ. ಮೆಟ್ರೊನಿಡಜೋಲ್ 400 ಮಿಲಿಗ್ರಾಂ ಮಾತ್ರೆ ಪುಡಿ ಮಾಡಿ ಉದುರಿಸಿದರೆ ವಾಸನೆ ಇಳಿಯುತ್ತದೆ, ಮನೆಯವರು ಹತ್ತಿರ ಕೂರುವಂತಾಗುತ್ತದೆ. ಬ್ಯಾಂಡೇಜ್ ಅಂಟಿಕೊಂಡಿದ್ದರೆ ಕೀಳದೆ ನೆನೆಸಿ ಬಿಡಿಸಿ, ಇಲ್ಲದಿದ್ದರೆ ರಕ್ತ ಹರಿಯುತ್ತದೆ. ರೆಪ್ಪೆ ಮುಚ್ಚದ ಕಣ್ಣಿಗೆ ಹಗಲು ಹನಿ, ರಾತ್ರಿ ಮುಲಾಮು ಹಾಕಿ ಟೇಪ್. ನೊಣ ಕೂರದಂತೆ ಪರದೆಯಡಿ ಮಲಗಿಸಿ. ನೋವಿಗೆ ಮಾರ್ಫಿನ್ ಕೇಳಲು ಹಿಂಜರಿಯಬೇಡಿ.

ಗುಣವಾದವರನ್ನು ಮೊದಲೆರಡು ವರ್ಷ ಮೂರು ತಿಂಗಳಿಗೊಮ್ಮೆ ನೋಡಬೇಕು. ತಂದು ಹೊಲಿದ ಚರ್ಮಕ್ಕೆ ಸ್ಪರ್ಶವೇ ಇರುವುದಿಲ್ಲ, ಅಲ್ಲಿ ಹತ್ತಿ ಸೋಕಿಸಿ ಪ್ರಯೋಜನವಿಲ್ಲ. ಹೊಲಿಗೆಯ ಗೆರೆಯಿಂದ ಎರಡು ಬೆರಳು ಆಚೆಗೆ, ಮುಖದ ಕಡೆಗೆ ಸೋಕಿಸಿ. ಗೆರೆಯುದ್ದಕ್ಕೂ ಬೆರಳಾಡಿಸಿ ಗಟ್ಟಿ ಬೀಜದಂಥದ್ದೇನಾದರೂ ಸಿಗುತ್ತದೆಯೇ ನೋಡಿ. ಕಿವಿಯ ಮುಂದೆ ಮುಟ್ಟಿ. ಮೊದಲ ಬಯಾಪ್ಸಿ ರಿಪೋರ್ಟನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಡಲು ಹೇಳಿ. ಐದು ವರ್ಷದ ಮೇಲೆ ಇರುವೆ ಹರಿದಂತಾಗುತ್ತದೆ ಎಂದು ಬಂದಾಗ ವೈದ್ಯರು ಮೊದಲು ಕೇಳುವುದು ಆ ಕಾಗದವನ್ನೇ.